ಹಳೇ ಕಾರು ಸ್ಟಾರ್ಟ್ ಆಗದಿದ್ದಾಗ: ಕಿಡಿಯ ದಾರಿ ಹಿಡಿದು ದೋಷ ಹುಡುಕುವ ಕ್ರಮ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಪೆಟ್ರೋಲ್ ಕಾರಿನಲ್ಲಿ ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೂ ಎಂಜಿನ್ ಹತ್ತಿಕೊಳ್ಳದಿದ್ದರೆ, ದೋಷ ಸಾಮಾನ್ಯವಾಗಿ ಪೆಟ್ರೋಲಿನ ಕಡೆ ಇರುತ್ತದೆ, ಇಲ್ಲವೇ ಕರೆಂಟಿನ ಕಡೆ. ಇವುಗಳಲ್ಲಿ ಕರೆಂಟಿನ ಕಡೆಯ ದೋಷಕ್ಕೇ ಜನ ಹೆಚ್ಚು ಹೆದರುತ್ತಾರೆ, ಏಕೆಂದರೆ ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಆದರೆ ಈ ಕಾರುಗಳ ಇಗ್ನಿಷನ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಿಚ್ಚಿ ನೋಡಬಹುದಾದ ಏಳೆಂಟು ಬಿಡಿಭಾಗಗಳಷ್ಟೇ ಇವೆ. ಕರೆಂಟು ಬ್ಯಾಟರಿಯಿಂದ ಪ್ಲಗ್‌ವರೆಗೆ ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದು ಗೊತ್ತಿದ್ದರೆ, ಅದು ಎಲ್ಲಿ ನಿಂತಿದೆ ಎಂಬುದನ್ನು ಒಂದು ಸಣ್ಣ ಬಲ್ಬು ಹಿಡಿದು ಕಂಡುಹಿಡಿಯಬಹುದು. ಪರೀಕ್ಷೆ ಮಾಡದೆ ಪಾರ್ಟು ಬದಲಿಸಬಾರದು ಎಂಬುದೇ ಈ ಕೆಲಸದ ಮೂಲ ನಿಯಮ.

ಯಾವ ಕಾರುಗಳ ಮಾತು

ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿದ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಬಹುಕಾಲ ಅದರ ಬಾನೆಟ್ಟಿನ ಕೆಳಗಿದ್ದದ್ದು 1489 ಸಿ.ಸಿ.ಯ ಬಿಎಂಸಿ ಎಂಜಿನ್. ಫಿಯೆಟ್ 1100 ಡಿಲೈಟ್‌ಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನದು 1089 ಸಿ.ಸಿ. ಎಂಜಿನ್. ಎರಡರಲ್ಲೂ ನಾಲ್ಕು ಸಿಲಿಂಡರ್, ಎರಡರ ಫೈರಿಂಗ್ ಆರ್ಡರ್ ಕೂಡ 1-3-4-2. ಇಲ್ಲಿ ಹೇಳುವ ಪರೀಕ್ಷಾ ಕ್ರಮ ಸಿ.ಬಿ. ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಬ್ರೇಕರ್) ಇರುವ ಬೇರೆ ಹಳೆಯ ಕಾರುಗಳಿಗೂ ಹೊಂದುತ್ತದೆ. ಅಳತೆಗಳನ್ನು ಮಾತ್ರ ಆಯಾ ಕಾರಿನ ಮ್ಯಾನ್ಯುವಲ್ ನೋಡಿಯೇ ಇಡಬೇಕು.

ಎಲ್ಲಿಂದ ಬಂತು ಈ ವ್ಯವಸ್ಥೆ

ಮೊದಮೊದಲ ಅನೇಕ ಕಾರುಗಳಲ್ಲಿ ಕಿಡಿ ಹುಟ್ಟಿಸುತ್ತಿದ್ದುದು ಮ್ಯಾಗ್ನೆಟೋ. ರಾಬರ್ಟ್ ಬಾಷ್ ಅವರ ಕಂಪನಿಯಲ್ಲಿ ಗೊಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ರೂಪಿಸಿದರು. ಬ್ಯಾಟರಿ, ಕಾಯಿಲ್, ಪಾಯಿಂಟ್ ಮೂರನ್ನೂ ಜೋಡಿಸಿದ ವ್ಯವಸ್ಥೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದು. ಅದು 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಪೆಟ್ರೋಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ವಿನ್ಯಾಸದ ಮೇಲೆ ಓಡಿದವು. 1973ರ ಮಾದರಿಗಳಿಂದ ಕ್ರೈಸ್ಲರ್ ಕಂಪನಿ ಅಮೆರಿಕದಲ್ಲಿ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟ ಮೇಲೆ ಪಾಯಿಂಟ್‌ಗಳ ಕಾಲ ಇಳಿಮುಖವಾಯಿತು.

ಭಾರತದಲ್ಲಿ ಈ ಭಾಗಗಳಿಗೆ ದೊಡ್ಡ ಹೆಸರುಗಳು ಎರಡು. ಒಂದು 1961ರಲ್ಲಿ ಚೆನ್ನೈನಲ್ಲಿ ಶುರುವಾದ ಲೂಕಾಸ್ ಟಿವಿಎಸ್. ಇನ್ನೊಂದು 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ತಯಾರಿಸಿದ ಮೈಕೋ. ಕರ್ನಾಟಕದ ಹಳೆಯ ಗ್ಯಾರೇಜುಗಳಲ್ಲಿ ‘ಮೈಕೋ ಪ್ಲಗ್’ ಎಂದರೆ ಇಂದಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವುದು ಬರೀ 12 ವೋಲ್ಟ್. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿ–ಪೆಟ್ರೋಲ್ ಮಿಶ್ರಣದ ನಡುವೆ ಕಿಡಿ ಜಿಗಿಯಬೇಕಾದರೆ 10,000ದಿಂದ 20,000 ವೋಲ್ಟ್ ಬೇಕು. ಈ ಏರಿಕೆ ಆಗುವುದು ಕಾಯಿಲ್‌ನಲ್ಲಿ. ಕಾಯಿಲ್ ಒಳಗೆ ಎರಡು ಸುರುಳಿಗಳಿವೆ: ದಪ್ಪ ತಂತಿಯ, ಕಡಿಮೆ ಸುತ್ತಿನ ಪ್ರೈಮರಿ ಒಂದು, ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸೆಕೆಂಡರಿ ಇನ್ನೊಂದು. ಪಾಯಿಂಟ್ ಕೂಡಿದ್ದಾಗ ಪ್ರೈಮರಿಯಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಕರೆಂಟು ಕಡಿದು, ಆ ಕ್ಷೇತ್ರ ಕುಸಿಯುತ್ತದೆ, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಅಂದರೆ ಕಿಡಿ ಬರುವುದು ಪಾಯಿಂಟ್ ಕೂಡಿದಾಗಲ್ಲ, ತೆರೆದಾಗ. ಮುಂದಿನ ಪರೀಕ್ಷೆಗಳೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಸೆಕೆಂಡಿಗೆ ನೂರು ಕಿಡಿ ಬೇಕು. ಈ ನೂರು ಕಿಡಿಗಳಿಗಾಗಿ ಒಂದೇ ಜೋಡಿ ಪಾಯಿಂಟ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತದೆ. ಅದು ಸವೆಯುವುದು ಸಹಜ.

ಬ್ಯಾಟರಿ, ಇಗ್ನಿಷನ್ ಸ್ವಿಚ್, ಕಾಯಿಲ್‌ನ ಪ್ರೈಮರಿ, ಪಾಯಿಂಟ್ ಮತ್ತು ಕಂಡೆನ್ಸರ್ ಸೇರಿ ಕಡಿಮೆ ವೋಲ್ಟಿನ ಸಾಲು, ಅಂದರೆ ಎಲ್‌ಟಿ. ಕಾಯಿಲ್‌ನ ಸೆಕೆಂಡರಿ, ನಡುವಿನ ದಪ್ಪ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಪ್ಲಗ್ ವೈರು, ಪ್ಲಗ್ ಸೇರಿ ಹೆಚ್ಚು ವೋಲ್ಟಿನ ಸಾಲು, ಅಂದರೆ ಎಚ್‌ಟಿ. ದೋಷ ಯಾವ ಸಾಲಿನಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಸೆಲ್ಫ್ ಸದ್ದು ಕೇಳಿ

ಬಾನೆಟ್ ಎತ್ತುವ ಮೊದಲೇ ಸೆಲ್ಫ್ ತಿರುಗುವ ಸದ್ದು ಬಹಳಷ್ಟು ಹೇಳುತ್ತದೆ. ‘ಟಕ್’ ಎಂದು ಸುಮ್ಮನಾದರೆ ಅಥವಾ ಎಳೆದೆಳೆದು ತಿರುಗಿದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ತಿರುಗುವಾಗ ಅದು 10 ವೋಲ್ಟಿಗಿಂತ ಕೆಳಗೆ ಬಿದ್ದರೆ, ಎಂಜಿನ್ ತಿರುಗಿದರೂ ಕಾಯಿಲ್‌ಗೆ ಸಾಕಷ್ಟು ಕರೆಂಟು ಉಳಿಯುವುದಿಲ್ಲ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಉಜ್ಜಿ ಬಿಗಿಯಬೇಕು. ಎಂಜಿನ್‌ನಿಂದ ಚಾಸಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯನ್ನೂ ಮರೆಯಬಾರದು. ರಬ್ಬರ್ ಮೌಂಟಿಂಗ್ ಮೇಲೆ ಕೂತ ಎಂಜಿನ್‌ಗೆ ಅರ್ಥ್ ಸಿಗುವುದು ಈ ಪಟ್ಟಿಯಿಂದಲೇ. ಇನ್ನೊಂದು ಎಚ್ಚರಿಕೆ: 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಅರ್ಥ್ ಆಗಿರುತ್ತದೆ. ಬ್ಯಾಟರಿ ಕೂರಿಸುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ.

ಕಿಡಿ ಇದೆಯೇ? ಮೊದಲ ಪರೀಕ್ಷೆ

ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಸುತ್ತಮುತ್ತ ಪೆಟ್ರೋಲ್ ಸೋರಿಲ್ಲ ಎಂದು ನೋಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ನಡುವಿನಿಂದ ಕಾಯಿಲ್‌ನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಅದರ ತುದಿಯನ್ನು ಎಂಜಿನ್ ಬ್ಲಾಕ್‌ನ ಶುಭ್ರ ಲೋಹದಿಂದ 6 ಮಿ.ಮೀ. ದೂರ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಕಾರ್ಬುರೇಟರ್ ಹತ್ತಿರ ಈ ಪರೀಕ್ಷೆ ಬೇಡ. ಪೇಸ್‌ಮೇಕರ್ ಇರುವವರು ಇದಕ್ಕೆ ಕೈ ಹಾಕಲೇಬಾರದು. ವೈರನ್ನು ಗಾಳಿಯಲ್ಲಿ ತೇಲಲು ಬಿಟ್ಟು ಸೆಲ್ಫ್ ಹೊಡೆಯುವುದೂ ತಪ್ಪು. ಹೋಗಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ನನ್ನೇ ಸೀಳಬಹುದು.

ಚಟಚಟ ಸದ್ದಿನೊಂದಿಗೆ ನೀಲಿ ಕಿಡಿ ಜಿಗಿದರೆ ಎಲ್‌ಟಿ ಸಾಲು, ಕಾಯಿಲ್ ಎರಡೂ ಸರಿ ಇವೆ. ದೋಷ ಕ್ಯಾಪ್, ರೋಟರ್, ವೈರು, ಪ್ಲಗ್ ಅಥವಾ ಟೈಮಿಂಗ್‌ನಲ್ಲಿದೆ. ಕಿಡಿಯೇ ಇಲ್ಲದಿದ್ದರೆ ಎಲ್‌ಟಿ ಸಾಲನ್ನು ನೋಡಬೇಕು. ತೆಳ್ಳಗಿನ ಹಳದಿ ಕಿಡಿ ಬಂದರೆ ಕಂಡೆನ್ಸರ್, ಪಾಯಿಂಟ್, ಕಾಯಿಲ್ ಈ ಮೂರರ ಮೇಲೆ ಅನುಮಾನ ಪಡಬೇಕು.

ಟೆಸ್ಟ್ ಲ್ಯಾಂಪ್ ಕೊಡುವ ಉತ್ತರ

12 ವೋಲ್ಟಿನ ಒಂದು ಬಲ್ಬು, ಎರಡು ವೈರು, ಒಂದು ಕ್ಲಿಪ್ಪು ಇದ್ದರೆ ಟೆಸ್ಟ್ ಲ್ಯಾಂಪ್ ಆಯಿತು. ಅದರ ಒಂದು ತುದಿಯನ್ನು ಎಂಜಿನ್ ಬ್ಲಾಕ್‌ಗೆ ಕಚ್ಚಿಸಿ, ಇಗ್ನಿಷನ್ ಆನ್ ಮಾಡಿ.

ಮೊದಲು ಕಾಯಿಲ್‌ಗೆ ಸ್ವಿಚ್ಚಿನಿಂದ ಕರೆಂಟು ಬರುವ ಟರ್ಮಿನಲ್ ಮುಟ್ಟಿಸಿ. ಲೂಕಾಸ್ ಕಾಯಿಲ್‌ಗಳಲ್ಲಿ ಇದರ ಮೇಲೆ ‘ಎಸ್‌ಡಬ್ಲ್ಯು’ ಎಂಬ ಗುರುತು ಇರುತ್ತದೆ. ಲ್ಯಾಂಪ್ ಹತ್ತದಿದ್ದರೆ ದೋಷ ಸ್ವಿಚ್ಚಿನಲ್ಲೋ ಅಲ್ಲಿಂದ ಬರುವ ವೈರಿನಲ್ಲೋ ಇದೆ. ಡಿಸ್ಟ್ರಿಬ್ಯೂಟರ್ ಬಿಚ್ಚುವ ಅಗತ್ಯವೇ ಇಲ್ಲ.

ಅಲ್ಲಿ ಹತ್ತಿದರೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ‘ಸಿ.ಬಿ.’ ಟರ್ಮಿನಲ್‌ಗೆ ಬನ್ನಿ. ಪಾಯಿಂಟ್ ತೆರೆದಿದ್ದಾಗ ಇಲ್ಲಿ ಲ್ಯಾಂಪ್ ಹತ್ತಬೇಕು, ಕೂಡಿದಾಗ ಆರಬೇಕು. ಸೆಲ್ಫ್ ಹೊಡೆದಾಗ ಮಿಣುಕಬೇಕು. ಮಿಣುಕಿದರೆ ಪಾಯಿಂಟ್ ತನ್ನ ಕೆಲಸ ಮಾಡುತ್ತಿದೆ.

ಹತ್ತಿದ್ದು ಹತ್ತಿಯೇ ಇದ್ದರೆ ಕರೆಂಟು ಅರ್ಥ್ ತಲುಪುತ್ತಿಲ್ಲ. ಪಾಯಿಂಟ್ ಮುಖ ಕೊಳೆಯಾಗಿದೆ, ಅಥವಾ ಪಾಯಿಂಟ್ ಕೂಡುತ್ತಲೇ ಇಲ್ಲ, ಅಥವಾ ಡಿಸ್ಟ್ರಿಬ್ಯೂಟರ್ ಒಳಗೆ ವೈರು ತುಂಡಾಗಿದೆ.

ಒಮ್ಮೆಯೂ ಹತ್ತದಿದ್ದರೆ ಸಿ.ಬಿ. ಟರ್ಮಿನಲ್‌ನಿಂದ ಡಿಸ್ಟ್ರಿಬ್ಯೂಟರ್ ವೈರನ್ನು ಬಿಚ್ಚಿ, ಬರಿಯ ಟರ್ಮಿನಲ್‌ಗೆ ಲ್ಯಾಂಪ್ ಮುಟ್ಟಿಸಿ. ಈಗ ಹತ್ತಿದರೆ ಡಿಸ್ಟ್ರಿಬ್ಯೂಟರ್ ಒಳಗೆ ಎಲ್ಲೋ ಶಾರ್ಟ್ ಆಗಿದೆ. ಈಗಲೂ ಹತ್ತದಿದ್ದರೆ ಕಾಯಿಲ್‌ನ ಪ್ರೈಮರಿ ಸುರುಳಿ ತುಂಡಾಗಿದೆ. ಬಲ್ಬೊಂದು ಇಷ್ಟು ಸ್ಪಷ್ಟವಾಗಿ ಉತ್ತರ ಹೇಳುವಾಗ ಊಹೆಯ ಮೇಲೆ ಕಾಯಿಲ್ ಕೊಳ್ಳುವುದು ದಂಡ.

ಸಿ.ಬಿ. ಪಾಯಿಂಟ್: ನಿಂತ ಕಾರಿನ ಮೊದಲ ಶತ್ರು

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರು ಸ್ಟಾರ್ಟ್ ಆಗದಿರಲು ದೊಡ್ಡ ಕಾರಣ ಇದೇ. ಬಳಸದೆ ಬಿಟ್ಟ ಪಾಯಿಂಟ್ ಮುಖದ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕೂರುತ್ತದೆ. 12 ವೋಲ್ಟಿಗೆ ಅದನ್ನು ದಾಟಲು ಆಗುವುದಿಲ್ಲ. ಶುಭ್ರವಾದ ದಪ್ಪ ಕಾಗದದ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಕೂಡಿದ ಪಾಯಿಂಟ್ ನಡುವೆ ಎರಡು ಮೂರು ಸಲ ಎಳೆದರೆ ಎಷ್ಟೋ ಕಾರುಗಳು ಆಗಲೇ ಹತ್ತಿಕೊಳ್ಳುತ್ತವೆ. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಸಣ್ಣ ಅರದಿಂದ ಸಮ ಮಾಡಬಹುದು. ಆಳವಾಗಿ ಸುಟ್ಟಿದ್ದರೆ ಹೊಸ ಪಾಯಿಂಟೇ ಬೇಕು. ಉಜ್ಜಿದ ಮೇಲೆ ಪುಡಿ ಉಳಿಯದಂತೆ ಒರೆಸಬೇಕು.

ಗ್ಯಾಪ್ ನೋಡಲು ಪಾಯಿಂಟಿನ ಹಿಮ್ಮಡಿ ಕ್ಯಾಮ್‌ನ ತುತ್ತತುದಿಯ ಮೇಲೆ ಬರುವ ಹಾಗೆ ಎಂಜಿನ್ ತಿರುಗಿಸಿ, ಫೀಲರ್ ಗೇಜ್ ಹಾಕಿ. ಬಿಎಂಸಿ ಎಂಜಿನ್‌ನ ಲೂಕಾಸ್ ಡಿಸ್ಟ್ರಿಬ್ಯೂಟರ್‌ಗೆ 0.35ರಿಂದ 0.40 ಮಿ.ಮೀ. ಗ್ಯಾಪ್ ಬೇಕು. ಫೀಲರ್ ಬಿಗಿಯಾಗಿ ಸಿಕ್ಕಿಕೊಳ್ಳದೆ, ಸಡಿಲವಾಗಿ ಜಾರದೆ, ಲಘುವಾಗಿ ತಡೆದು ಬಂದರೆ ಅಳತೆ ಸರಿ. ಕ್ಯಾಮ್‌ಗೆ ಒಂದಿಷ್ಟೇ ಗ್ರೀಸ್ ಸವರದಿದ್ದರೆ ಪಾಯಿಂಟಿನ ಹಿಮ್ಮಡಿ ಬೇಗ ಸವೆದು ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ, ಕೊನೆಗೆ ಪಾಯಿಂಟ್ ತೆರೆಯುವುದೇ ನಿಲ್ಲುತ್ತದೆ.

ಹೊಸ ಪಾಯಿಂಟ್ ಹಾಕಿದ ಕೂಡಲೇ ಕಿಡಿ ಮಾಯವಾದರೆ ನೋಡಬೇಕಾದ ಜಾಗ ಒಂದೇ. ಲೂಕಾಸ್ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟಿನ ಸ್ಪ್ರಿಂಗು ಒಂದು ಸಣ್ಣ ಕಂಬಕ್ಕೆ ಕೂರುತ್ತದೆ. ಆ ಕಂಬಕ್ಕೆ ಟೊಪ್ಪಿಗೆಯ ಆಕಾರದ ಪುಟ್ಟ ಪ್ಲಾಸ್ಟಿಕ್ ಬುಷ್ ಇದೆ. ಕಾಯಿಲ್‌ನಿಂದ ಬಂದ ವೈರಿನ ತುದಿ, ಕಂಡೆನ್ಸರ್ ವೈರಿನ ತುದಿ ಎರಡೂ ಸ್ಪ್ರಿಂಗಿಗೆ ತಾಗಿರಬೇಕು, ಆದರೆ ಬುಷ್ ಇರುವ ಕಾರಣ ಕಂಬಕ್ಕಾಗಲಿ ನಟ್ಟಿಗಾಗಲಿ ತಾಗಬಾರದು. ಬುಷ್ ತಲೆಕೆಳಗಾಗಿ ಕೂತರೂ, ವೈರಿನ ತುದಿ ಬುಷ್‌ನಿಂದ ಆಚೆ ಜಾರಿದರೂ ಕರೆಂಟು ನೇರ ಅರ್ಥ್‌ಗೆ ಹೋಗುತ್ತದೆ. ಟೆಸ್ಟ್ ಲ್ಯಾಂಪ್ ಒಮ್ಮೆಯೂ ಹತ್ತುವುದಿಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಮೆತ್ತನೆಯ ವೈರು ಇನ್ನೊಂದು ಗುಪ್ತ ಜಾಗ. ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ. ಮೇಲಿನ ಹೊದಿಕೆ ಚೆನ್ನಾಗಿದ್ದರೂ ಒಳಗಿನ ಎಳೆಗಳು ತುಂಡಾಗಿರಬಹುದು. ವೈರನ್ನು ಮೆಲ್ಲಗೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ತಂತಿ ಉಳಿದಿಲ್ಲ ಎಂದೇ ಅರ್ಥ.

ಕಂಡೆನ್ಸರ್ ಮತ್ತು ಕಾಯಿಲ್

ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ತಡೆಯುವುದು ಸುಮಾರು 0.2 ಮೈಕ್ರೋಫ್ಯಾರಡ್‌ನ ಕಂಡೆನ್ಸರ್. ಅದು ಕೆಟ್ಟಿದ್ದರೆ ಪಾಯಿಂಟ್ ತೆರೆದಾಗಲೆಲ್ಲ ಅದರ ಮುಖದಲ್ಲಿ ದಪ್ಪ ನೀಲಿ ಕಿಡಿ ಕಾಣುತ್ತದೆ, ಪ್ಲಗ್‌ನ ಕಿಡಿ ಸಣ್ಣಗಾಗುತ್ತದೆ, ಪಾಯಿಂಟ್ ಬೇಗ ಸುಡುತ್ತದೆ. ಗೊತ್ತಿರುವ ಒಳ್ಳೆಯ ಕಂಡೆನ್ಸರ್ ಹಾಕಿ ನೋಡುವುದೇ ಸುಲಭದ ಪರೀಕ್ಷೆ. ಹೊಸದೆಲ್ಲ ಒಳ್ಳೆಯದೆಂದು ನಂಬಬಾರದು. ಈಗ ಸಿಗುವ ಅಗ್ಗದ ಕಂಡೆನ್ಸರ್‌ಗಳು ಬಿಸಿಯಾದೊಡನೆ ಕೈಕೊಡುವುದುಂಟು. ಕೆಲಸ ಮಾಡುತ್ತಿದ್ದ ಹಳೆಯ ಪಾರ್ಟನ್ನು ಎಸೆಯದೆ ಇಟ್ಟುಕೊಂಡವರು ಇಂಥ ಹೊತ್ತಿನಲ್ಲಿ ಪಾರಾಗುತ್ತಾರೆ.

ಕಾಯಿಲ್‌ನ ಪ್ರೈಮರಿಯನ್ನು ಮಲ್ಟಿಮೀಟರ್‌ನಿಂದ ಅಳೆದಾಗ ಸಾಮಾನ್ಯ 12 ವೋಲ್ಟಿನ ಕಾಯಿಲ್ ಸುಮಾರು 3 ಓಮ್ ತೋರಿಸುತ್ತದೆ. ಬ್ಯಾಲಸ್ಟ್ (ಕರೆಂಟು ತಗ್ಗಿಸುವ ರೆಸಿಸ್ಟರ್) ಜೊತೆ ಬಳಸುವ ಕಾಯಿಲ್ ಸುಮಾರು ಒಂದೂವರೆ ಓಮ್. ಎರಡನ್ನೂ ಅದಲುಬದಲು ಮಾಡಬಾರದು. ಬ್ಯಾಲಸ್ಟ್ ಕಾಯಿಲ್‌ಗೆ ನೇರ 12 ವೋಲ್ಟ್ ಕೊಟ್ಟರೆ ಕಾಯಿಲೂ ಪಾಯಿಂಟೂ ಸುಡುತ್ತವೆ. ಸಾಮಾನ್ಯ ಕಾಯಿಲನ್ನು ಬ್ಯಾಲಸ್ಟ್ ಹಿಂದೆ ಜೋಡಿಸಿದರೆ ಕಿಡಿ ಬಡವಾಗುತ್ತದೆ. ಎಂಜಿನ್ ನಿಲ್ಲಿಸಿ ಇಗ್ನಿಷನ್ ಆನ್ ಇಟ್ಟು ಹೋಗುವುದೂ ಕಾಯಿಲ್‌ಗೆ ಅಪಾಯ. ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ನಿಂತಿದ್ದರೆ ಸುಮಾರು 4 ಆಂಪಿಯರ್ ಕರೆಂಟು ಬಿಡುವಿಲ್ಲದೆ ಹರಿದು ಕಾಯಿಲ್ ಕುದಿಯುವಷ್ಟು ಬಿಸಿಯಾಗುತ್ತದೆ.

ಕ್ಯಾಪ್, ರೋಟರ್, ಪ್ಲಗ್ ವೈರು

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೊದಲು ತೆಗೆದು ನೋಡಬೇಕಾದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್. ಒಳಗೆ ತೇವ ಕೂತರೆ ಸಾವಿರಾರು ವೋಲ್ಟ್ ಪ್ಲಗ್‌ಗೆ ಹೋಗದೆ ತೇವದ ಮೇಲೆ ಹರಿದು ಅರ್ಥ್ ಸೇರುತ್ತದೆ. ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಬೆಳಕಿಗೆ ಹಿಡಿದು, ಒಂದು ಲೋಹದ ಮೊಳೆಯಿಂದ ಇನ್ನೊಂದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಇದೆಯೇ ನೋಡಿ. ಅದು ಕಿಡಿ ಸುಟ್ಟು ಮಾಡಿಕೊಂಡ ದಾರಿ. ಅಂಥ ಕ್ಯಾಪ್ ಎಷ್ಟು ಒರೆಸಿದರೂ ಸರಿಹೋಗದು, ಬದಲಿಸಬೇಕು. ನಡುವಿನ ಪುಟ್ಟ ಕಾರ್ಬನ್ ಬ್ರಷ್ ಸ್ಪ್ರಿಂಗಿನ ಮೇಲೆ ಸಲೀಸಾಗಿ ಆಡುತ್ತಿರಬೇಕು.

ರೋಟರ್ ಸೋರುತ್ತಿದ್ದರೆ ನೋಟಕ್ಕೆ ಸಿಗುವುದಿಲ್ಲ. ಕ್ಯಾಪ್ ತೆಗೆದು, ಕಾಯಿಲ್‌ನ ದಪ್ಪ ವೈರಿನ ತುದಿಯನ್ನು ಇಕ್ಕಳದಲ್ಲಿ ರೋಟರ್‌ನ ಲೋಹದ ತಲೆಯ ಹತ್ತಿರ ಹಿಡಿದು, ಪಾಯಿಂಟನ್ನು ಒಣ ಕಡ್ಡಿಯಿಂದ ತೆರೆದು ನೋಡಿ. ರೋಟರ್‌ಗೆ ದಪ್ಪ ಕಿಡಿ ಮತ್ತೆ ಮತ್ತೆ ಜಿಗಿದರೆ ಕರೆಂಟು ರೋಟರ್ ಮೈಯನ್ನು ಸೀಳಿ ಕೆಳಗಿನ ಶಾಫ್ಟ್ ಸೇರುತ್ತಿದೆ. ಕ್ಯಾಪ್ ತೆಗೆದಾಗಲೇ ಇನ್ನೊಂದನ್ನೂ ಗಮನಿಸಿ: ಸೆಲ್ಫ್ ಹೊಡೆದಾಗ ರೋಟರ್ ತಿರುಗಲೇಬೇಕು. ತಿರುಗದಿದ್ದರೆ ಡಿಸ್ಟ್ರಿಬ್ಯೂಟರ್ ಡ್ರೈವ್ ಅಥವಾ ಟೈಮಿಂಗ್ ಚೈನ್ ಹೋಗಿದೆ. ಅದು ದೊಡ್ಡ ಕೆಲಸ.

ವೈರುಗಳು ಸೋರುತ್ತಿವೆಯೇ ಎಂದು ನೋಡಲು ಕತ್ತಲೇ ಸಾಕು. ರಾತ್ರಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ, ಸೋರುವ ಕಡೆ ಸಣ್ಣ ನೀಲಿ ಮಿಂಚು ಕಾಣುತ್ತದೆ.

ಪ್ಲಗ್ ಓದುವುದು

ಸೆಲ್ಫ್ ಹೊಡೆದ ಮೇಲೆ ಬಿಚ್ಚಿದ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಚೋಕ್ ಹೆಚ್ಚಾಗಿ ಎಳೆದು ಫ್ಲಡ್ ಆಗಿದೆ. ಒಣಗಿದ್ದರೆ ಪೆಟ್ರೋಲ್ ಪಂಪು, ಕಾರ್ಬುರೇಟರ್ ಕಡೆ ಹೋಗಿ. ಮಸಿ ಹಿಡಿದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು. ಎಣ್ಣೆ ಜಿಡ್ಡಿದ್ದರೆ ಎಂಜಿನ್ ರಿಂಗೋ ವಾಲ್ವ್ ಗೈಡೋ ಸವೆದಿದೆ. ತಿಳಿಕಂದು ಬಣ್ಣ ಆರೋಗ್ಯದ ಗುರುತು. ಬಿಎಂಸಿ ಎಂಜಿನ್‌ಗೆ ಪ್ಲಗ್ ಗ್ಯಾಪ್ ಸುಮಾರು 0.64 ಮಿ.ಮೀ. ಫ್ಲಡ್ ಆಗಿದ್ದರೆ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ.

ಟೈಮಿಂಗ್ ಮತ್ತು ವೈರಿನ ಸರದಿ

ಒಳ್ಳೆಯ ಕಿಡಿ ಇದೆ, ಪೆಟ್ರೋಲಿದೆ, ಆದರೂ ಕಾರ್ಬುರೇಟರಿನಲ್ಲೋ ಸೈಲೆನ್ಸರಿನಲ್ಲೋ ‘ಢಬ್’ ಎನ್ನುತ್ತಿದೆ ಎಂದರೆ ಕಿಡಿ ಹೊತ್ತಲ್ಲದ ಹೊತ್ತಿಗೆ ಬರುತ್ತಿದೆ. ಪ್ಲಗ್ ವೈರುಗಳು ಅದಲುಬದಲಾಗಿವೆಯೇ ಮೊದಲು ನೋಡಿ. ಬಿಎಂಸಿ ಎಂಜಿನ್‌ನಲ್ಲಿ ರೋಟರ್ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. 1-3-4-2 ಸರದಿಯನ್ನೂ ಅದೇ ದಿಕ್ಕಿನಲ್ಲಿ ಜೋಡಿಸಬೇಕು. ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು.

ಡಿಸ್ಟ್ರಿಬ್ಯೂಟರ್ ಹೊರತೆಗೆದು ಕೂರಿಸಿದ್ದರೆ ಅದು ಅರ್ಧ ಸುತ್ತು ತಪ್ಪಿ ಕೂತಿರಬಹುದು. ಒಂದನೇ ಪ್ಲಗ್ ಬಿಚ್ಚಿ ರಂಧ್ರದ ಮೇಲೆ ಹೆಬ್ಬೆರಳು ಒತ್ತಿ ಎಂಜಿನನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ತಿರುಗಿಸಿ. ಗಾಳಿ ಬೆರಳನ್ನು ತಳ್ಳುವ ಸುತ್ತಿನಲ್ಲಿ ಪುಲ್ಲಿಯ ಟೈಮಿಂಗ್ ಗುರುತು ಕೂಡಿದಾಗ ರೋಟರ್ ಒಂದನೇ ವೈರಿನತ್ತ ಮುಖ ಮಾಡಿರಬೇಕು, ಪಾಯಿಂಟ್ ಆಗಷ್ಟೇ ತೆರೆಯುತ್ತಿರಬೇಕು. ಸಿ.ಬಿ. ಟರ್ಮಿನಲ್‌ಗೆ ಟೆಸ್ಟ್ ಲ್ಯಾಂಪ್ ಕಟ್ಟಿ, ಅದು ಹತ್ತುವ ಕ್ಷಣಕ್ಕೆ ಡಿಸ್ಟ್ರಿಬ್ಯೂಟರ್ ಬಿಗಿದರೆ ಎಂಜಿನ್ ಹತ್ತಿಕೊಳ್ಳುವಷ್ಟು ನಿಖರತೆ ಸಿಗುತ್ತದೆ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಲಕ್ಷಣದಿಂದ ಜಾಗ ಗುರುತಿಸುವುದು

- ಸೆಲ್ಫ್ ಹೊಡೆಯುವಾಗ ಹತ್ತಿ, ಕೀ ಬಿಟ್ಟೊಡನೆ ನಿಂತರೆ: ಬ್ಯಾಲಸ್ಟ್ ತುಂಡಾಗಿದೆ ಅಥವಾ ಸ್ವಿಚ್ಚಿನ ಕಾಂಟ್ಯಾಕ್ಟ್ ಹೋಗಿದೆ.
- ಕೀ ಬಿಡುವ ಕ್ಷಣಕ್ಕೆ ಮಾತ್ರ ಹತ್ತಿಕೊಂಡರೆ: ಸೆಲ್ಫ್ ತಿರುಗುವಾಗ ಕಾಯಿಲ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. ಬ್ಯಾಟರಿ, ಅರ್ಥ್ ನೋಡಿ.
- ಅರ್ಧ ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಹತ್ತಿದರೆ: ಕಾಯಿಲ್ ಅಥವಾ ಕಂಡೆನ್ಸರ್. ನಿಂತ ಕೂಡಲೇ ಕಿಡಿ ಪರೀಕ್ಷಿಸಿ. ಕಿಡಿ ಇದ್ದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಅದರ ಪೈಪು ಕಟ್ಟಿಕೊಂಡಿರಬಹುದು.
- ಮಳೆಯಲ್ಲಿ ಮಾತ್ರ ತೊಂದರೆಯಾದರೆ: ಕ್ಯಾಪ್ ಮತ್ತು ವೈರು.

ಎಲೆಕ್ಟ್ರಾನಿಕ್ ಕಿಟ್ ಬೇಕೇ?

ಪಾಯಿಂಟ್ ಜಾಗದಲ್ಲಿ ಅಯಸ್ಕಾಂತ, ಸೆನ್ಸರ್ ಇರುವ ಕಿಟ್ ಕೂರಿಸುವವರು ಹೆಚ್ಚುತ್ತಿದ್ದಾರೆ. ಸವೆಯುವ ಭಾಗ ಇಲ್ಲ, ಗ್ಯಾಪ್ ಕೆಡುವುದಿಲ್ಲ. ದಿನವೂ ಓಡಿಸುವ ಕಾರಿಗೆ ಇದು ಒಳ್ಳೆಯದೇ. ಆದರೆ ಪಾಯಿಂಟ್ ಮೆಲ್ಲಮೆಲ್ಲನೆ ಸೊರಗುತ್ತಾ ಮುನ್ಸೂಚನೆ ಕೊಡುತ್ತದೆ. ಕಿಟ್ ಕೆಟ್ಟಾಗ ಮುನ್ಸೂಚನೆ ಇರುವುದಿಲ್ಲ, ದಾರಿಬದಿಯಲ್ಲಿ ರಿಪೇರಿಯೂ ಆಗದು. ಕಿಟ್ ಹಾಕಿಸಿದವರು ಗ್ಯಾಪ್ ಸರಿ ಮಾಡಿಟ್ಟ ಹಳೆಯ ಪಾಯಿಂಟ್ ಪ್ಲೇಟನ್ನು ಕಾರಿನಲ್ಲೇ ಇಟ್ಟುಕೊಳ್ಳುವುದು ಜಾಣತನ.

ಡಿಕ್ಕಿಯಲ್ಲಿ ಇರಬೇಕಾದ್ದು

ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್, ಪ್ಲಗ್ ಸ್ಪ್ಯಾನರ್, ಸಣ್ಣ ಸ್ಕ್ರೂಡ್ರೈವರ್, ರಬ್ಬರ್ ಹಿಡಿಯ ಇಕ್ಕಳ, ಒಂದು ಜೊತೆ ಪಾಯಿಂಟ್, ಒಂದು ಕಂಡೆನ್ಸರ್, ಒಂದು ರೋಟರ್, ಒಣ ಬಟ್ಟೆ. ಒಂದು ಊಟದ ಡಬ್ಬಿಯಲ್ಲಿ ಹಿಡಿಸುವ ಸಾಮಾನು ಇದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವಾಗ ಹಳೆಯ ಪಾರ್ಟನ್ನು ಕೈಯಲ್ಲಿ ಹಿಡಿದು ಹೋಗಿ ಹೋಲಿಸಿ ತರಬೇಕು. ತಂದದ್ದನ್ನು ಕಾರಿಗೆ ಹಾಕಿ ಓಡಿಸಿ ನೋಡಿದ ಮೇಲೆಯೇ ಡಬ್ಬಿಗೆ ಸೇರಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಮತ್ತೆ ಪರೀಕ್ಷಿಸಿ, ಆದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪಾಯಿಂಟ್, ಕಂಡೆನ್ಸರ್, ಕಾಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿದವರ ಕಾರು ಸ್ಟಾರ್ಟ್ ಆದರೂ ಯಾವುದು ಕೆಟ್ಟಿತ್ತೆಂದು ಗೊತ್ತಾಗುವುದಿಲ್ಲ. ಸ್ಟಾರ್ಟ್ ಆಗದಿದ್ದರೆ ಹಳೆಯ ದೋಷದ ಜೊತೆಗೆ ಹೊಸದೊಂದು ಸೇರಿದೆಯೇ ಎಂಬ ಅನುಮಾನವೂ ಉಳಿಯುತ್ತದೆ. ಪಾಯಿಂಟ್ ಸದ್ದು ಕೇಳಿಯೇ ಗ್ಯಾಪ್ ಹೇಳಬಲ್ಲ ಮೇಸ್ತ್ರಿಗಳು ಗ್ಯಾರೇಜುಗಳಿಂದ ನಿವೃತ್ತರಾಗುತ್ತಿದ್ದಾರೆ. ಅವರು ಮಾಡುತ್ತಿದ್ದುದೂ ಕರೆಂಟಿನ ದಾರಿಯನ್ನು ಸರದಿಯಾಗಿ ನೋಡುವ ಇದೇ ಕೆಲಸ. ಹಳೆಯ ಕಾರನ್ನು ಮನೆಯಲ್ಲಿ ಇಟ್ಟುಕೊಂಡವರು ಅವರು ಇರುವಾಗಲೇ ಪಕ್ಕದಲ್ಲಿ ನಿಂತು ಇದನ್ನು ಕಲಿತುಕೊಳ್ಳಬೇಕು.